ಲ್ಯಾನ್ಸ್‌ಡೌನ್ ಕಟ್ಟಡದ ಅಂಗಡಿಯವರು

ಕುಂಬಾರಕೊಪ್ಪಲಿನಿಂದ ಪೇಟೆಗೆ ಹೊರಟ ನಮಗೆ ದೇವರಾಜ ಮಾರುಕಟ್ಟೆಯಷ್ಟೇ ಪರಿಚಿತವಾಗಿದ್ದದ್ದು ಲ್ಯಾನ್ಸ್‌ಡೌನ್ ಕಟ್ಟಡ. ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ, ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಹೆಸರು ವೈಸರಾಯ್‌ಯದಾದರೂ ಅದಕ್ಕೆ ಜೀವ ತುಂಬಿದವರು ಬಾಡಿಗೆಯ ಅಂಗಡಿಯವರು. ಒಬ್ಬರು ಓದಿ ಮಾರಿದ ಪಠ್ಯಪುಸ್ತಕ ಇಲ್ಲಿನ ಹಳೆಪುಸ್ತಕದಂಗಡಿಗಳ ಮೂಲಕ ಕಡಿಮೆ ಬೆಲೆಗೆ ಇನ್ನೊಬ್ಬ ಬಡ ವಿದ್ಯಾರ್ಥಿಯ ಕೈಸೇರುತ್ತಿತ್ತು.

2012ರ ಆಗಸ್ಟ್ 25ರಂದು ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು, ಅಂಗಡಿಗಳು ಖಾಲಿಯಾದವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಕೆಡವಬೇಕೆ, ಉಳಿಸಬೇಕೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆ ವಾದದಲ್ಲಿ ಇಟ್ಟಿಗೆ, ಗಾರೆಗೆ ಸಿಕ್ಕ ಮಾತು ಅಂಗಡಿಯವರಿಗೆ ಸಿಗಲಿಲ್ಲ. ಪರಂಪರೆಯ ಲೆಕ್ಕ ಬರೆಯುವಾಗ, ನಿತ್ಯ ಅಲ್ಲಿ ಬಾಗಿಲು ತೆರೆಯುತ್ತಿದ್ದವರನ್ನೂ ಸೇರಿಸಿಕೊಳ್ಳೋಣ.