ಬೆಂಗಳೂರಿನ ವಿಮಾನಗಳೂ ಇಂಧನದ ಸಮಪಾಲೂ

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1940ರಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ನೆರವಿನಿಂದಲೂ ಸ್ಥಾಪಿತವಾದ ವೃತ್ತಾಂತವು ಕನ್ನಡಿಗರಿಗೆ ಸುಪರಿಚಿತವಾದುದು. ಅಲ್ಲಿ ರೂಪುಗೊಂಡ ವಿಮಾನಗಳ ಎಂಜಿನುಗಳು ಪೆಟ್ರೋಲನ್ನು ಬಳಸಿದ ಬಗೆಯು ಮಾತ್ರ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ.

1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ವಿಮಾನಕ್ಕೆ ಕಾಂಟಿನೆಂಟಲ್ ಕಂಪೆನಿಯ 90 ಅಶ್ವಶಕ್ತಿಯ ಎಂಜಿನು. ಅದರ ಒಂದೇ ಕಾರ್ಬುರೇಟರು ಪೆಟ್ರೋಲನ್ನು ಗಾಳಿಯೊಡನೆ ಬೆರಸಿ ನಾಲ್ಕು ಸಿಲಿಂಡರುಗಳಿಗೂ ಕೊಳವೆಗಳ ಮೂಲಕ ಹಂಚುತ್ತಿತ್ತು. ತೂಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲು ಸೇರಿದರೆ ದಹನವು ಪೂರ್ಣವಾಗುವುದೆಂದು ಲೆಕ್ಕ. ಇಂಧನವನ್ನು ಇದಕ್ಕಿಂತಲೂ ತಗ್ಗಿಸಿದರೆ ಸಾಮರ್ಥ್ಯವು ತುಸು ಕುಂದಿದರೂ ಮಿತವ್ಯಯವು ಸಾಧಿಸುತ್ತದೆ, ಸಿಲಿಂಡರುಗಳ ಕಾವೂ ಇಳಿಯುತ್ತದೆ. ಆದರೆ ಕಾರ್ಬುರೇಟರಿನ ಹಂಚಿಕೆಯು ಸಮವಾಗಿರದು. ಇಂಧನವನ್ನು ತಗ್ಗಿಸುತ್ತ ಹೋದಂತೆ, ಮೊದಲೇ ಕಡಿಮೆ ಪಡೆದ ಸಿಲಿಂಡರು ಎಲ್ಲಕ್ಕಿಂತ ಮುಂಚೆ ಸೋತು ಎಂಜಿನು ನಡುಗತೊಡಗುವುದು. ಅದೊಂದರ ಸಲುವಾಗಿ ಉಳಿದವಕ್ಕೂ ಹೆಚ್ಚು ಉಣಿಸಬೇಕಾಗುವುದು. ಸರಾಸರಿಯು ಸರಿಯಿದ್ದ ಮಾತ್ರಕ್ಕೆ ಲೆಕ್ಕವು ಸರಿಯಾಗದೆಂಬುದು ಖಾತೆ ಬರೆಯುವವರಿಗೆ ಹೊಸ ಮಾತೇನಲ್ಲ.

ದೂರ ಹಾರುವ ದೊಡ್ಡ ವಿಮಾನಗಳು ಈ ತೊಡಕನ್ನು ಮೊದಲೇ ಕಂಡಿದ್ದವು. 1954ರಲ್ಲಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಗೆ ಬಂದ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳ ರೈಟ್ ಎಂಜಿನಿಗೆ 18 ಸಿಲಿಂಡರು. ಒಂದೊಂದರೊಳಕ್ಕೂ ನೇರವಾಗಿ ಇಂಧನವನ್ನು ಚಿಮ್ಮಿಸುವ ಏರ್ಪಾಡು.

ಬೆಂಗಳೂರಿನ ವಿಮಾನಗಳಿಗೆ ಇಂಜೆಕ್ಷನ್ ಪದ್ಧತಿಯು ಬಂದುದು ತರುವಾಯ. 1972ರ ‘ಬಸಂತ್’ ಕೃಷಿವಿಮಾನದಲ್ಲಿ ಲೈಕಮಿಂಗ್ ಕಂಪೆನಿಯ 400 ಅಶ್ವಶಕ್ತಿಯ, ಎಂಟು ಸಿಲಿಂಡರುಗಳ ಎಂಜಿನನ್ನು ಅಳವಡಿಸಲಾಯಿತು. 1977ರಲ್ಲಿ ಹಾರಿದ ‘ದೀಪಕ್’ ತರಬೇತಿ ವಿಮಾನಕ್ಕೆ ಅದೇ ಕಂಪೆನಿಯ 260 ಅಶ್ವಶಕ್ತಿಯದು. ಇವುಗಳಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಚಿಮ್ಮುಮೂತಿ. ಹೀಗಿದ್ದೂ ಸಮತೆಯು ತಾನಾಗಿ ಸಿದ್ಧಿಸಲಿಲ್ಲ. ಗಾಳಿಯೇ ಎಲ್ಲ ಸಿಲಿಂಡರುಗಳಿಗೂ ಒಂದೇ ಸಮನಾಗಿ ಹೋಗದಿರುವಾಗ, ಒಂದೇ ಅಳತೆಯ ಮೂತಿಗಳು ಬೇರೆಬೇರೆ ಮಿಶ್ರಣವನ್ನೇ ಕೊಡುವುವು. ಆಯಾ ಸಿಲಿಂಡರಿನ ಗಾಳಿಗೆ ತಕ್ಕಂತೆ ಮೂತಿಯ ಅಳತೆಯನ್ನೇ ಬದಲಿಸುವ ಉಪಾಯವು 1990ರ ದಶಕದಲ್ಲಿ ಅಮೆರಿಕದ ಒಕ್ಲಹೋಮಾ ಪ್ರಾಂತದ ಏಡಾ ಎಂಬ ಸಣ್ಣ ಊರಿನಿಂದ ಬಳಕೆಗೆ ಬಂದಿತು.

ಮೂತಿಯಾದರೋ ತನ್ನವರೆಗೆ ಬಂದ ಇಂಧನವನ್ನು ಮಾತ್ರ ಹಂಚಬಲ್ಲುದು. ಟ್ಯಾಂಕು, ಕೊಳವೆ, ಪಂಪುಗಳು ಅದಕ್ಕೂ ಹಿಂದಿನವು. ವಾಯುಸೇನೆಯ ತರುಣರು ಹಾರಾಟದ ಮೊದಲ ಪಾಠವನ್ನು ಕಲಿಯುತ್ತಿದ್ದ ದೀಪಕ್ ವಿಮಾನವನ್ನು ಆಕಾಶದಲ್ಲೇ ಎಂಜಿನು ನಿಂತುಹೋಗುವ ದೋಷವು ಕಾಡಿತು. 17 ಅಪಘಾತಗಳಲ್ಲಿ 19 ಪೈಲಟರು ಮಡಿದರು. ಇಷ್ಟು ಜೀವಗಳಿಗೆ ಮುನ್ನವೇ ಅದನ್ನು ನೆಲದ ಮೇಲೆ ನಿಲ್ಲಿಸಬೇಕಾಗಿತ್ತೆನ್ನದೆ ವಿಧಿಯಿಲ್ಲ, ನಿಲ್ಲಿಸಿದ್ದು 2009ರಲ್ಲಿ. 2013ರಲ್ಲಿ ಅದರ ಸ್ಥಾನಕ್ಕೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನವು ಬಂದಿತು. ಅದರಲ್ಲಿ ಸಿಲಿಂಡರುಗಳೇ ಇಲ್ಲ, ಇರುವುದು ಟರ್ಬೈನು.