ಕೇದಾರ ಘಾಟಿನ ಖಿಚಡಿ, ನಮ್ಮ ಮನೆಯ ಉಗ್ರಾಣ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮಲ್ಲಿ ಬಹಳ ಮನೆಗಳ ಅಡುಗೆಮನೆಯಲ್ಲಿ ಡಬ್ಬಗಳೆಲ್ಲ ನೆಲಕ್ಕಿಳಿಯುತ್ತವೆ. ಹುಳ ಬಿದ್ದ ರವೆ, ದಿನಾಂಕ ಮುಗಿದ ಸಾರಿನ ಪುಡಿ, ಎರಡೆರಡು ಸಲ ತಂದ ಜೀರಿಗೆ ಹೊರಗೆ ಬರುತ್ತವೆ. ಈಗ ಇದಕ್ಕೆ ‘ಪ್ಯಾಂಟ್ರಿ ಆರ್ಗನೈಸೇಷನ್’ ಎಂಬ ದೊಡ್ಡ ಹೆಸರಿದೆ. ಒಂದೇ ಅಳತೆಯ ಗಾಜಿನ ಜಾಡಿ, ಒಂದೇ ಅಕ್ಷರದ ಲೇಬಲ್ ಇದ್ದರೆ ಕೆಲಸ ಮುಗಿಯಿತು ಎಂದು ವಿಡಿಯೋಗಳು ಹೇಳುತ್ತವೆ. ಆದರೆ ನಮ್ಮ ಹಿರಿಯರಿಗೆ ಉಗ್ರಾಣವೆಂದರೆ ಏನು? ಚೆನ್ನಾಗಿ ಕಾಣುವ ಜಾಗವೇ, ತುಂಬಿಡುವ ಜಾಗವೇ, ಅಥವಾ ಬೇರೇನಾದರೂ? ಈ ಪ್ರಶ್ನೆಗೆ ನನಗೆ ಒಳ್ಳೆಯ ಉತ್ತರ ಸಿಕ್ಕಿದ್ದು ಕಾಶಿಯ ಕೇದಾರ ಘಾಟಿನ ಕಥೆಯಲ್ಲಿ.

ಕೇದಾರ ಘಾಟ್ ಕಾಶಿಯ ದಕ್ಷಿಣ ಭಾಗದಲ್ಲಿದೆ. ಹರಿಶ್ಚಂದ್ರ ಘಾಟ್ ಅಲ್ಲಿಂದ ಕೂಗಳತೆಯ ದೂರ. ಅದನ್ನು ದಾಟಿ ಮುಂದೆ ನಡೆದರೆ ನಮ್ಮದೇ ಕರ್ನಾಟಕ ಘಾಟ್. ಹಿಂದೆ ಅದಕ್ಕೆ ಮೈಸೂರು ಘಾಟ್ ಎಂದೇ ಹೆಸರಿತ್ತು. ಕೇದಾರ ಘಾಟಿನಲ್ಲಿ ಕೆಂಪು ಬಿಳಿ ಪಟ್ಟೆಗಳನ್ನು ನೋಡಿದ ಕೂಡಲೇ ನಮ್ಮ ಕಡೆಯ ಗುಡಿಯ ಗೋಡೆ ನೆನಪಾಗುತ್ತದೆ. ತಮಿಳಿನ ಶೈವ ಸಂತ ಕುಮರಗುರುಪರರು 17ನೇ ಶತಮಾನದಲ್ಲಿ ಸ್ಥಾಪಿಸಿದ ಮಠ ಇಲ್ಲೇ ಇದೆ. ಸುತ್ತಲ ಗಲ್ಲಿಗಳಲ್ಲಿ ತಮಿಳು, ತೆಲುಗು, ಕನ್ನಡ, ಬಂಗಾಳಿ ಎಲ್ಲವೂ ಕಿವಿಗೆ ಬೀಳುತ್ತವೆ.

ಘಾಟಿನ ಮೇಲಿರುವ ಗೌರೀ ಕೇದಾರೇಶ್ವರನ ಲಿಂಗದ ನಡುವೆ ಒಂದು ಗೆರೆಯಿದೆ. ಅದಕ್ಕೆ ಅಲ್ಲಿ ಹೇಳುವ ಕಥೆ ಹೀಗೆ. ಮಾಂಧಾತನೆಂಬ ಭಕ್ತ ದಿನವೂ ಖಿಚಡಿ ಬೇಯಿಸಿ ಎರಡು ಪಾಲು ಮಾಡುತ್ತಿದ್ದ. ಒಂದು ಪಾಲು ಶಿವನಿಗೆ ಮತ್ತು ಅತಿಥಿಗೆ, ಇನ್ನೊಂದು ತನಗೆ. ಮುಪ್ಪಿನಲ್ಲಿ ಹಿಮಾಲಯದ ಕೇದಾರಕ್ಕೆ ಹೋಗುವ ಶಕ್ತಿ ಇಲ್ಲದಾಗ ಶಿವನೇ ಇಲ್ಲಿಗೆ ಬಂದ, ಆ ಖಿಚಡಿಯೇ ಕಲ್ಲಾಗಿ ಲಿಂಗವಾಯಿತು. ನಡುವಿನ ಗೆರೆ ಆ ಎರಡು ಪಾಲಿನ ಗುರುತು.

ಪುರಾಣವನ್ನು ಪುರಾಣವಾಗಿಯೇ ನೋಡೋಣ. ಆದರೂ ದೇವರಾಗಲು ಅದು ಆರಿಸಿಕೊಂಡ ಅಡುಗೆಯನ್ನು ಗಮನಿಸಿ. ಅದು ಪಂಚಭಕ್ಷ್ಯವಲ್ಲ. ಅಕ್ಕಿ, ಬೇಳೆ, ಉಪ್ಪು ಇರುವ ಯಾವ ಮನೆಯಲ್ಲೂ ಆಗುವ ಖಿಚಡಿ. 14ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ ಕೂಡ ಅಕ್ಕಿ ಮತ್ತು ಹೆಸರುಕಾಳು ಬೇಯಿಸಿ ತುಪ್ಪ ಹಾಕಿ ತಿನ್ನುವುದನ್ನು ಬರೆದಿದ್ದಾನೆ. ಉತ್ತರ ಪ್ರದೇಶದಲ್ಲಿ ಮಕರ ಸಂಕ್ರಾಂತಿಗೇ ‘ಖಿಚಡಿ’ ಎಂದು ಹೆಸರು. ಅಂದು ಅಕ್ಕಿ ಬೇಳೆ ದಾನ ಕೊಡುತ್ತಾರೆ. ನಾವು ಹುಗ್ಗಿ ಮಾಡಿ ಎಳ್ಳು ಬೀರುವುದೂ ಅದೇ ದಿನ. ಹೊಸ ಧಾನ್ಯ ಒಳಗೆ ಬರುವಾಗ ಮನೆಯದರಲ್ಲಿ ಒಂದು ಪಾಲು ಹೊರಗೆ ಹೋಗಬೇಕು, ಅಷ್ಟೇ ಲೆಕ್ಕ.

ಕಾಶಿಯಲ್ಲಿ ಯಾರೂ ಹಸಿದು ಮಲಗುವುದಿಲ್ಲ, ಅನ್ನಪೂರ್ಣೆ ನೋಡಿಕೊಳ್ಳುತ್ತಾಳೆ ಎಂಬ ಮಾತು ನಮಗೆಲ್ಲ ಗೊತ್ತು. ಆ ಮಾತನ್ನು ನಿಜ ಮಾಡಿದ್ದು ಛತ್ರ, ಮಠಗಳ ಉಗ್ರಾಣಗಳು. ದಿನವೂ ಯಾರೋ ಒಬ್ಬರು ಬೀಗ ತೆಗೆದು, ಅಕ್ಕಿ ಅಳೆದು, ಕಲ್ಲು ಆರಿಸಿ ಕೊಟ್ಟಿದ್ದರಿಂದಲೇ ಅದು ನಡೆಯಿತು. ಕನ್ನಡ ನಾಡಿಗೂ ಈ ಊರಿಗೂ ಹಳೆಯ ನಂಟು. ಹೊಯ್ಸಳ ಮೂರನೇ ನರಸಿಂಹ 1279ರಲ್ಲಿ ಹೆಬ್ಬಾಲೆ ಗ್ರಾಮದ ಆದಾಯವನ್ನು ಕಾಶಿಯ ಯಾತ್ರಿಕರ ತೆರಿಗೆ ಕಟ್ಟಲು ಬಿಟ್ಟುಕೊಟ್ಟ. ಕಾಶಿಯಾತ್ರೆ ಆಗ ತಿಂಗಳುಗಟ್ಟಲೆಯ ಕೆಲಸ. 19ನೇ ಶತಮಾನದಲ್ಲೂ ಹಾಗೆಯೇ ಇತ್ತು. 1830ರ ಮೇ ತಿಂಗಳಲ್ಲಿ ಮದರಾಸಿನಿಂದ ಹೊರಟ ಏನುಗುಲ ವೀರಾಸ್ವಾಮಯ್ಯ ಮನೆ ಸೇರಿದ್ದು 1831ರ ಸೆಪ್ಟೆಂಬರಿನಲ್ಲಿ. ತೆಲುಗಿನಲ್ಲಿರುವ ಅವರ ಯಾತ್ರಾ ದಿನಚರಿಯಲ್ಲಿ ದೇವಸ್ಥಾನಗಳಷ್ಟೇ ಮುಖ್ಯವಾಗಿ ಯಾವ ತಂಗುದಾಣದಲ್ಲಿ ಏನು ದಿನಸಿ ಸಿಗುತ್ತದೆ ಎಂಬ ವಿವರವೂ ಇದೆ.

ಕಾಶಿಗೆ ಬಂದು ಅಲ್ಲೇ ಉಳಿದವರೂ ಇದ್ದರು. ಗಂಡ ಸತ್ತ ಮೇಲೆ ಕಾಶೀವಾಸಕ್ಕೆ ಬಂದ ಹೆಂಗಸರ ಬದುಕು ಘಾಟಿನ ಹಿಂದಿನ ಗಲ್ಲಿಗಳ ಚಿಕ್ಕ ಕೋಣೆಗಳಲ್ಲಿ ಸವೆಯಿತು. ಹಳೆಯ ಕೂಡುಕುಟುಂಬಗಳಲ್ಲಿ ಉಗ್ರಾಣದ ಬೀಗದ ಕೈ ಎಂದರೆ ಅಧಿಕಾರ. ಯಾರ ಸೊಂಟದಲ್ಲಿ ಅದು ಇದೆಯೋ ಅವರ ಮಾತು ನಡೆಯುತ್ತಿತ್ತು. ಎಷ್ಟೋ ಮನೆಗಳಲ್ಲಿ ವಿಧವೆಯಾದವಳ ಕೈಯಿಂದ ಮೊದಲು ಹೋಗುತ್ತಿದ್ದುದೇ ಆ ಬೀಗದ ಕೈ. ಅಂಥವಳಿಗೆ ಎರಡು ಪಾತ್ರೆ, ಒಂದು ಅಕ್ಕಿ ಮಡಕೆಯೇ ಉಗ್ರಾಣ. ಛತ್ರದ ಅನ್ನ ಅವಳ ಪಾಲಿಗೆ ಪುಣ್ಯದ ಮಾತಲ್ಲ, ಬದುಕಿನ ಮಾತು. ಖಿಚಡಿಯ ಇನ್ನೊಂದು ಪಾಲು ಯಾರದು ಎಂದು ಕೇಳಿದರೆ ನನಗೆ ನೆನಪಾಗುವುದು ಅವಳೇ.

ತುಂಬಿಟ್ಟು ಕಾಪಾಡುವ ವಿದ್ಯೆಯಲ್ಲೂ ನಮ್ಮವರು ಹಿಂದೆ ಬಿದ್ದಿರಲಿಲ್ಲ. 18ನೇ ಶತಮಾನದ ಆರಂಭದಲ್ಲಿ ಕೆಳದಿಯ ಬಸವರಾಜ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಅಡುಗೆಮನೆಯ ವ್ಯವಸ್ಥೆಯನ್ನೂ ವಿವರಿಸುತ್ತದೆ. ಉತ್ತರ ಕರ್ನಾಟಕದ ಹಗೇವುಗಳಲ್ಲಿ ನೆಲದೊಳಗೆ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಗಾಳಿಯಾಡದ್ದರಿಂದ ಹುಳ ಬದುಕುತ್ತಿರಲಿಲ್ಲ; ಅದೇ ಕಾರಣಕ್ಕೆ ಹಗೇವು ತೆಗೆದ ಕೂಡಲೇ ಮನುಷ್ಯರೂ ಇಳಿಯುತ್ತಿರಲಿಲ್ಲ. ಮನೆಗಳಲ್ಲಿ ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಅಕ್ಕಿಗೆ ಬೇವಿನ ಎಲೆ, ಹುಣಸೆಹಣ್ಣಿಗೆ ಉಪ್ಪು, ಮಳೆಗಾಲಕ್ಕೆ ಮುಂಚೆ ಬಿಸಿಲು, ಇವೆಲ್ಲ ಅಜ್ಜಿಯರ ಕೆಲಸ.

ಇದರ ಹಿಂದಿನ ಕಾರಣ ಈಗ ನಮಗೆ ತಿಳಿದಿದೆ. ಅಕ್ಕಿಯ ಮೂತಿಹುಳ ಕಾಳಿನ ಒಳಗೇ ಮೊಟ್ಟೆ ಇಡುತ್ತದೆ. ಆದ್ದರಿಂದ ತಂದ ದಿನ ಶುದ್ಧವಾಗಿ ಕಂಡ ಅಕ್ಕಿಯಲ್ಲಿ ಸುಮಾರು ಒಂದು ತಿಂಗಳ ನಂತರ ಹುಳ ‘ಎಲ್ಲಿಂದಲೋ’ ಬರುತ್ತದೆ. ಬೇಳೆಕಾಳಿನ ಹುಳ ಕಾಳಿನ ಮೇಲೆ ಮೊಟ್ಟೆ ಅಂಟಿಸುತ್ತದೆ. ಎಣ್ಣೆ ಸವರಿದರೆ ಆ ಮೊಟ್ಟೆಗೆ ಉಸಿರು ಸಿಗುವುದಿಲ್ಲ. ಬಿಸಿಲು ಧಾನ್ಯದ ತೇವ ತೆಗೆಯುತ್ತದೆ. ತೇವ ಕಡಿಮೆಯಾದಷ್ಟೂ ಬೂಷ್ಟು, ಹುಳ ಎರಡೂ ಕಡಿಮೆ. ಬೋರಿಕ್ ಪುಡಿ ಬೆರೆಸುವ ಅಭ್ಯಾಸ ಮಾತ್ರ ಬೇಡ. ಅದು ನಮಗೂ ವಿಷವೇ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಆಳವಾದ ಕಪಾಟು ಒಂದು ‘ಸ್ಟ್ಯಾಕ್’. ಕೊನೆಗೆ ತಂದದ್ದು ಮುಂದೆ ಕೂರುತ್ತದೆ, ಅದೇ ಮೊದಲು ಖರ್ಚಾಗುತ್ತದೆ, ಹಿಂದಿನದು ಹಿಂದೆಯೇ ಹಳೆಯದಾಗುತ್ತದೆ. ಉಗ್ರಾಣ ‘ಕ್ಯೂ’ ಆಗಬೇಕು. ಮೊದಲು ಬಂದದ್ದು ಮೊದಲು ಹೊರಡಬೇಕು. ಹೊಸ ಅಕ್ಕಿಯನ್ನು ಹಳೆಯದರ ಮೇಲೆ ಸುರಿಯದೆ, ಡಬ್ಬ ಖಾಲಿ ಮಾಡಿ, ತೊಳೆದು ಒಣಗಿಸಿ ತುಂಬುವ ಅಜ್ಜಿಯ ನಿಯಮ ಇದೇ. ಹುಳದ ತಿಂಗಳ ಚಕ್ರವೂ ಅಲ್ಲಿಗೆ ತುಂಡಾಗುತ್ತದೆ.

ಕಾಶಿಗೆ ಹೋದವರು ಇಷ್ಟವಾದ ಒಂದು ಹಣ್ಣೋ ತರಕಾರಿಯೋ ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮಲ್ಲಿದೆ. ಹಾಗಲಕಾಯಿ ಬಿಟ್ಟು ಬಂದ ಜಾಣರ ಕಥೆ ಪ್ರತಿ ವಂಶದಲ್ಲೂ ಒಂದಾದರೂ ಇರುತ್ತದೆ! ಆದರೆ ಪದ್ಧತಿಯ ತಿರುಳು ಬೇಡವಾದದ್ದನ್ನು ಬಿಡುವುದಲ್ಲ, ಬೇಕಾದದ್ದನ್ನು ಬಿಡುವುದು. ಊರಿನಿಂದ ದೂರ ಇರುವ ನಮಗೆ ಇದು ಕಷ್ಟ. ಸೂಟ್‌ಕೇಸಿನಲ್ಲಿ ಬಂದ ಹಪ್ಪಳ, ಸಂಡಿಗೆ, ಚಟ್ನಿಪುಡಿಯನ್ನು ನಾವು ತಿನ್ನುವುದಕ್ಕಿಂತ ಹೆಚ್ಚಾಗಿ ಕಾಯುತ್ತೇವೆ. ನನ್ನ ಅಜ್ಜಿ ಕೊನೆಯ ಸಲ ಕಳಿಸಿದ ಮೆಂತ್ಯದ ಹಿಟ್ಟಿನ ಡಬ್ಬ ಅವರು ಹೋದ ಮೇಲೆ ಅರ್ಧ ಉಳಿದಿತ್ತು. ಅಮ್ಮ ಫೋನಿನಲ್ಲಿ, “ಅವಳು ಮಾಡಿದ್ದು ತಿನ್ನಲಿಕ್ಕೆ, ಇಡಲಿಕ್ಕಲ್ಲ” ಎಂದರು. ಅಮ್ಮ ಹೇಳಿದ ಅಳತೆಯನ್ನು ಡಬ್ಬದ ಮುಚ್ಚಳದ ಮೇಲೆ ಬರೆದೆ. ಅಂದು ರಾತ್ರಿ ಬಿಸಿ ಅನ್ನ, ತುಪ್ಪದ ಜೊತೆ ಎಲ್ಲರೂ ತಿಂದು ಮುಗಿಸಿದೆವು. ಈಗ ಆ ಡಬ್ಬದಲ್ಲಿ ನಾನೇ ಮಾಡಿದ ಹಿಟ್ಟಿದೆ. ಅಜ್ಜಿಯ ರುಚಿ ಬಂದಿಲ್ಲ, ಅಳತೆ ಮಾತ್ರ ಅದೇ.

ಸುಮಾರು ನೂರು ವರ್ಷಗಳ ಹಿಂದೆ ಕಾಶಿಯಿಂದ ಕಳವಾಗಿದ್ದ ಅನ್ನಪೂರ್ಣೆಯ ಒಂದು ವಿಗ್ರಹ ಕೆನಡಾದ ರೆಜೈನಾ ವಿಶ್ವವಿದ್ಯಾಲಯದಿಂದ ಮರಳಿ 2021ರ ನವೆಂಬರ್ 15ರಂದು ಕಾಶಿ ವಿಶ್ವನಾಥ ಧಾಮ ಸೇರಿತು. ಅವಳ ಒಂದು ಕೈಯಲ್ಲಿ ಪಾಯಸದ ಬಟ್ಟಲು, ಇನ್ನೊಂದರಲ್ಲಿ ಸೌಟು. ಬಟ್ಟಲು ತುಂಬಿಡಲು, ಸೌಟು ಬಡಿಸಲು. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ. ಧನತ್ರಯೋದಶಿಯ ಸಮಯದಲ್ಲಿ ಕಾಶಿಯ ಅನ್ನಪೂರ್ಣಾ ಮಂದಿರದಲ್ಲಿ ಚಿನ್ನದ ಅನ್ನಪೂರ್ಣೆಯ ದರ್ಶನವಿರುತ್ತದೆ. ಬಂದವರಿಗೆ ನಾಣ್ಯ, ಭತ್ತದ ಅರಳು ಹಂಚುತ್ತಾರೆ. ಜನ ಅದನ್ನು ಮನೆಯ ಭಂಡಾರದಲ್ಲಿ ಇಟ್ಟುಕೊಳ್ಳುತ್ತಾರೆ. ಅವಳ ಭಂಡಾರವೂ ಕೊಡುವುದರಿಂದಲೇ ಅಕ್ಷಯ.

ಗೆಳತಿಯರೇ, ಈ ಸಲ ಕಪಾಟು ತೊಳೆಯುವಾಗ ಹೊಸ ಜಾಡಿ ಕೊಳ್ಳುವ ಮೊದಲು ಎರಡು ಪಾಲು ಮಾಡಿ ನೋಡಿ. ದಿನಾಂಕ ಇನ್ನೂ ಮುಗಿಯದ, ಆದರೆ ನಾವು ಬಳಸಲಾರದ ಪೊಟ್ಟಣಗಳನ್ನು ಊರಿನ ಫುಡ್ ಬ್ಯಾಂಕಿಗೋ ಹೊಸದಾಗಿ ಬಂದ ವಿದ್ಯಾರ್ಥಿಗಳ ಕೋಣೆಗೋ ತಲುಪಿಸಿ. ಬಾಗಿಲಿನ ಒಳಗಡೆ ಒಂದು ಪಟ್ಟಿ ಅಂಟಿಸಿ, ಗಂಡನಿಗೂ ಮಕ್ಕಳಿಗೂ ಓದಲು ಬರುವ ಹಾಗೆ. ಬೀಗದ ಕೈಯ ಕಾಲ ಮುಗಿಯಿತು. ಉಗ್ರಾಣದ ಲೆಕ್ಕ ಒಬ್ಬಳ ತಲೆಯಲ್ಲೇ ಇರಬೇಕಾಗಿಲ್ಲ. ಡಬ್ಬಗಳ ತಳದಲ್ಲಿ ಉಳಿದ ಹಿಡಿ ಅಕ್ಕಿ, ಹಿಡಿ ಹೆಸರುಬೇಳೆ ಸೇರಿಸಿ ಅಂದಿನ ಊಟಕ್ಕೆ ಖಿಚಡಿ ಮಾಡಿ. ಪಕ್ಕದ ಮನೆಗೂ ಒಂದು ಬಟ್ಟಲು ಹೋಗಲಿ.