ಅಣುಗಳ ಸಂಬಂಧವೂ ಹೇತುವಿಚಾರವೂ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು, ಹಸಿಯ ಸೌದೆಯಿದ್ದಲ್ಲದೆ ಬೆಂಕಿಯಲ್ಲಿ ಹೊಗೆಯೇಳದು. ಹೀಗೆ ಮರೆಯಲ್ಲಿ ನಿಂತು ಅನುಮಾನವನ್ನು ಕೆಡಿಸುವ ನಿಬಂಧನೆಗೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟರು. ಅಣುಗಳ ಪರಸ್ಪರ ಸಂಬಂಧವನ್ನು ಗಣಕಯಂತ್ರಗಳಿಂದ ತಿಳಿಯಹೊರಟ ಇಂದಿನ ವಿಜ್ಞಾನಕ್ಕೂ ಈ ಉಪಾಧಿಯ ಭಯವು ತಪ್ಪಿದುದಲ್ಲ.

ಅಮೈನೋ ಆಮ್ಲಗಳ ಸರಪಳಿಯು ಮಡಿಸಿಕೊಂಡು ಪ್ರೋಟೀನಿನ ಆಕೃತಿಯನ್ನು ತಾಳುವುದು. ಔಷಧದ ಅಣುವು ಆ ಆಕೃತಿಯ ಸಂದಿನಲ್ಲಿ ಸೇರಿ ತನ್ನ ಕಾರ್ಯವನ್ನು ನಡೆಸುವುದು. 1963ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಎಂಬ ಮೂವರು ವಿದ್ವಾಂಸರು ಈ ಮಡಿಕೆಯ ವಿಷಯವಾಗಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಪರಸ್ಪರ ಬಂಧವಿಲ್ಲದ ಪರಮಾಣುಗಳು ಒಂದು ಮೇರೆಯನ್ನು ಮೀರಿ ಸಮೀಪಿಸಲಾರವು ಎಂಬುದೊಂದೇ ಅವರು ಹಿಡಿದ ಹೇತು. ಸರಪಳಿಯ ಪ್ರತಿ ಕೊಂಡಿಯಲ್ಲಿಯೂ ಇರುವ ಎರಡು ತಿರುವುಗಳ ಕೋನಗಳನ್ನು ಆ ಹೇತುವಿನಿಂದ ಪರೀಕ್ಷಿಸಲಾಗಿ ನಕ್ಷೆಯ ಮುಕ್ಕಾಲು ಪಾಲು ನಿಷಿದ್ಧವೆಂದು ತಿಳಿದುಬಂದಿತು. ನಿಷಿದ್ಧವಾದ ಯಾವ ಸ್ಥಾನವನ್ನು ತೋರಿಸಿ ಏಕೆಂದು ಕೇಳಿದರೂ, ಇಂತಹ ಪರಮಾಣುಗಳು ಅಲ್ಲಿ ಒಂದನ್ನೊಂದು ತಾಕುವುವೆಂದು ಉತ್ತರ ದೊರೆಯುವುದು.

ಮೈಸೂರರಸರು ಭೂದಾನವಿತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮಚಂದ್ರನ್ನರು 1971ರಲ್ಲಿ ಅಣುಜೀವಭೌತ ವಿಭಾಗವನ್ನು ನೆಲೆಗೊಳಿಸಿದರು. ಅದೇ ವಿಭಾಗದ ಸರಸ್ವತಿ ವಿಶ್ವೇಶ್ವರರು ಪ್ರೋಟೀನನ್ನು ಒಂದು ಜಾಲವಾಗಿ ಕಂಡು, ಅಮೈನೋ ಆಮ್ಲಗಳನ್ನು ಗಂಟುಗಳೆಂದೂ ಅವುಗಳ ಸ್ಪರ್ಶವನ್ನು ಎಳೆಗಳೆಂದೂ ಗಣಿಸಿದರು. ಇಲ್ಲಿಯೂ ಒಂದೊಂದು ಎಳೆಯನ್ನೂ ಹಿಡಿದು ನೋಡಬಹುದು.

2020ರಲ್ಲಿ ಆಲ್ಫಾಫೋಲ್ಡ್ ಎಂಬ ಯಂತ್ರವಿಧಾನವು ಆಕೃತಿಗಳನ್ನು ಆಶ್ಚರ್ಯಕರವಾದ ನಿಖರತೆಯಿಂದ ಊಹಿಸಿತು; 2024ರಲ್ಲಿ ಅದರ ಕರ್ತೃಗಳಿಗೆ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಆ ವರ್ಷವೇ ಪ್ರಕಟವಾದ ಅದರ ಹೊಸ ರೂಪವು ಪ್ರೋಟೀನಿಗೆ ಔಷಧದ ಅಣುವು ಸೇರುವ ಬಗೆಯನ್ನೂ ಹೇಳತೊಡಗಿತು. ಆದರೆ ಅದರ ವಿದ್ಯೆಯು ಕೋಟಿಗಟ್ಟಲೆ ಸಂಖ್ಯೆಗಳಲ್ಲಿ ಹರಡಿಹೋಗಿರುವುದರಿಂದ, ಏಕೆಂಬ ಪ್ರಶ್ನೆಗೆ ಸುಲಭವಾಗಿ ಉತ್ತರ ಬಾರದು. ಅಣುವು ಅಲ್ಲಿ ನಿಜವಾಗಿ ಹೊಂದುವುದೆಂದು ಯಂತ್ರವು ತಿಳಿದಿದೆಯೋ, ಹಿಂದೆ ಕಲಿತ ಆಕೃತಿಯೊಂದರ ಹೋಲಿಕೆಯನ್ನು ಮಾತ್ರ ಒಪ್ಪಿಸುತ್ತಿದೆಯೋ?

ಇದನ್ನರಿಯಲು ವಿದ್ವಾಂಸರು ಅಣುವಿನ ಒಂದು ಭಾಗವನ್ನು ಕಳೆದು ಉತ್ತರವು ಬದಲಾಗುವುದೇ ಎಂದು ನೋಡುವರು. ಸಂದನ್ನೇ ಕೆಡಿಸಿ ಮರಳಿ ಕೇಳುವರು. ಸಂದು ಕೆಟ್ಟರೂ ಉತ್ತರವು ಬದಲಾಗದಿದ್ದರೆ ಅಲ್ಲಿ ಉಪಾಧಿಯುಂಟೆಂದು ಶಂಕಿಸಲೇಬೇಕು. ಬೇರೆ ಕೆಲವರು ಪ್ರತಿಯೊಂದು ಜೋಡಿ ಪರಮಾಣುಗಳ ಪಾಲೂ ಬೇರೆಬೇರೆಯಾಗಿ ಕಾಣುವಂತೆ ಗಣಿತವನ್ನು ಕಟ್ಟುವರು. ಕಣ್ಣಿಗೆ ಒಪ್ಪುವ ವಿವರಣೆಯೆಲ್ಲವೂ ನಿಜವಾದ ಹೇತುವಲ್ಲವಾದುದರಿಂದ ವಿವರಣೆಗೂ ಪರೀಕ್ಷೆಯು ಅವಶ್ಯಕ.

ಇದು ಬರಿಯ ತರ್ಕಶಾಸ್ತ್ರಿಗಳ ಚರ್ಚೆಯಲ್ಲ. ಔಷಧವು ಸೇರದಿದ್ದಾಗ, ಕಾರಣವನ್ನು ಬಲ್ಲವನು ಅಣುವನ್ನು ತಿದ್ದಬಲ್ಲನು. ಬರಿಯ ಉತ್ತರವನ್ನು ಬಲ್ಲವನು ಯಂತ್ರವನ್ನು ಮತ್ತೊಮ್ಮೆ ಕೇಳಬಲ್ಲನಷ್ಟೆ.